ಹಸಿ ದಿಮ್ಮಿಯ ಮೇಲೆ ವಾಲಿದ ಮುದ್ರೆ

ಸುದ್ದಿ ಬಂದಾಗ ಗರಗಸದ ಡಾಕ್ಟರು ನೂರಾ ಹನ್ನೆರಡನೆಯ ಹಲ್ಲಿನ ಮೇಲೆ ಅರ ಇಟ್ಟಿದ್ದರು.

ಹಲ್ಲು ಎಣಿಸುತ್ತಲೇ ಮಸೆಯುವುದು ಅವರ ಪದ್ಧತಿ. ಒಂದು ಹಲ್ಲು ಮಂಕಾದರೂ ಹಲಗೆಯ ಮೈಯಲ್ಲಿ ಬರೆ ಬೀಳುತ್ತದೆ. ನಲವತ್ತು ವರ್ಷದಿಂದ ಮರದ ಕಾರ್ಖಾನೆಯ ಗರಗಸಗಳ ಕಾಯಿಲೆ ನೋಡಿದವರು. ಅದಕ್ಕೇ ಜನರ ಬಾಯಲ್ಲಿ ಡಾಕ್ಟರು.

ಬಾಗಿಲಲ್ಲಿ ಇನ್‌ಸ್ಪೆಕ್ಟರು ನಿಂತಿದ್ದರು. ಟೋಪಿ ತಲೆಯ ಮೇಲಿರಲಿಲ್ಲ, ಕೈಯಲ್ಲಿತ್ತು.

"ನಿನ್ನೆ ಸಂಜೆ ಹೊಳೆಯಾಚೆ ಮೂರನೇ ಭಟ್ಟಿಗೆ ಬೆಂಕಿ ಬಿತ್ತಲ್ಲ ಯಜಮಾನ್ರೇ, ಈಗ ಬಾಗಿಲು ತೆಗೆದ್ವಿ. ಒಳಗೆ ಒಬ್ರು ಇದ್ರು."

"ಯಾರು?"

"ನೀವೇ ನೋಡಿ ಹೇಳ್ಬೇಕು. ನಿಮ್ಮ ತಮ್ಮ ರಾತ್ರಿ ಮನೆಗೆ ಬಂದಿಲ್ವಂತೆ."

ಭಟ್ಟಿ ಎಂದರೆ ಹಸಿ ಹಲಗೆಯನ್ನು ಬಿಸಿಗಾಳಿಯಲ್ಲಿ ಒಣಗಿಸುವ ಇಟ್ಟಿಗೆಯ ಕೋಣೆ. ಅದರ ಮುಂದೆ ಗೋಣಿ ಹಾಸಿ, ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಪಕ್ಕದಲ್ಲಿ ಹೊಗೆ ಹಿಡಿದ ಒಂದು ಉಕ್ಕಿನ ಅಳತೆ ಟೇಪು. ಅದರ ಡಬ್ಬಿಯ ಮೇಲೆ ಮೊಳೆಯಿಂದ ಗೀರಿದ ಎಲೆಯ ಚಿತ್ರ. ತಮ್ಮನಿಗೆ ಕೆಲಸ ಸಿಕ್ಕ ದಿನ ಆ ಟೇಪು ಕೊಡಿಸಿದವರು ಡಾಕ್ಟರೇ.

"ಮುಖ ಗುರುತು ಸಿಗೋ ಹಾಗಿಲ್ಲ," ಇನ್‌ಸ್ಪೆಕ್ಟರು ಮೆಲ್ಲಗೆ ಹೇಳಿದರು. "ಬಲಗೈ ಅಷ್ಟು ಸುಟ್ಟಿಲ್ಲ. ಕೈ ನೋಡ್ತೀರಾ?"

ಡಾಕ್ಟರು ಮುಖ ತಿರುಗಿಸಿದರು. "ಕೈ ಬೇಡ. ಅವನೇ."

ಕಾಗದಕ್ಕೆ ಸಹಿ ಹಾಕಿದರು. ತಮ್ಮನ ಹೆಂಡತಿ ಓಡಿ ಬಂದಾಗ, "ನೀನು ನೋಡ್ಬೇಡ ತಾಯಿ," ಎಂದು ತಾವೇ ಅಡ್ಡ ನಿಂತರು.

ತಮ್ಮನ ಬಲಗೈಯನ್ನು ಅವರು ನೋಡದೆ ನಲವತ್ತೆಂಟು ವರ್ಷವಾಗಿತ್ತು. ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದರು, ಒಂದೇ ಹೊದಿಕೆಯಲ್ಲಿ ಮಲಗಿ ಬೆಳೆದಿದ್ದರು. ಆದರೆ ಆ ಕೈ ಕಣ್ಣಿಗೆ ಬಿದ್ದರೆ ನೋಟ ತಾನಾಗಿ ಬೇರೆಡೆ ಹೊರಳುತ್ತಿತ್ತು. ಡಾಕ್ಟರಿಗೆ ಹದಿನೈದು ತುಂಬಿದ್ದಾಗ, ಏಳರ ತಮ್ಮ ಅಪ್ಪನ ಗರಗಸದ ಹತ್ತಿರ ಬಂದು, "ನಾನೂ ಹಿಡೀತೀನಿ ಅಣ್ಣ," ಎಂದಿದ್ದ. "ಹಿಡಿ," ಎಂದವರು ಇವರು. ಬಲಗೈಯ ಹೆಬ್ಬೆರಳು ಅಂದೇ ಹೋಯಿತು.

ಅಂದಿನಿಂದ ತಮ್ಮ ಎಡಗೈಯಲ್ಲಿ ಉಂಡ, ಎಡಗೈಯಲ್ಲಿ ಬರೆದ. ದೊಡ್ಡವನಾಗಿ ಅರಣ್ಯ ಇಲಾಖೆಯಲ್ಲಿ ಮರ ಎಣಿಸುವ ಕೆಲಸಕ್ಕೆ ಸೇರಿದಾಗ ಎಲ್ಲರೂ ಎಡಚ ಎಂದೇ ಕರೆದರು. ಒಂದು ದಿನವೂ ಅವನು ಅಣ್ಣನನ್ನು ದೂರಲಿಲ್ಲ. ದೂರಿದ್ದರೆ ಸಲೀಸಾಗಿತ್ತು.

* * *

ಅದಾಗಿ ಒಂಬತ್ತು ದಿನ.

ಆ ಗರಗಸ ಇನ್ನೂ ಗೂಟದ ಮೇಲೆ ಹಾಗೇ ಇತ್ತು. ನೂರಾ ಹನ್ನೆರಡು ಹಲ್ಲು ಹೊಳೆಯುತ್ತಿದ್ದವು, ಉಳಿದವು ಮಂಕು. ಡಾಕ್ಟರು ದಿನಾ ಬೆಳಿಗ್ಗೆ ಅರ ಕೈಗೆತ್ತಿಕೊಳ್ಳುತ್ತಿದ್ದರು, ದೇವರ ಹೆಸರು ಹೇಳುತ್ತಿದ್ದರು, ಮತ್ತೆ ಅರ ಕೆಳಗಿಡುತ್ತಿದ್ದರು.

ಅವರ ಕಿವಿಯಲ್ಲಿ ಒಂದೇ ಮಾತು. ಬೆಂಕಿಗೆ ಎರಡು ದಿನ ಮುಂಚೆ ತಮ್ಮ ಇದೇ ಬೆಂಚಿನ ಮೇಲೆ ಕೂತು ಕೇಳಿದ್ದ: "ಅಣ್ಣ, ಇರೋ ಮರ ಎಣಿಸೋದು ನನ್ನ ಕೆಲಸ. ಇಲ್ಲದ ಮರ ಎಣಿಸಿದ್ದು ಯಾರು?"

"ಕೈಲಿ ಕೆಲಸ ಇದೆ ಕಣೋ, ಆಮೇಲೆ ಹೇಳುವಿಯಂತೆ," ಎಂದಿದ್ದರು.

"ಆಯ್ತು, ಆಮೇಲೆ," ಎಂದು ಅವನು ಎದ್ದು ಹೋಗಿದ್ದ. ಬೆಂಚಿನ ಮೇಲೆ ಮರದ ಪುಡಿಯಲ್ಲಿ ಕೂತ ಗುರುತು ಮಾತ್ರ ಉಳಿದಿತ್ತು. ಆ ಪುಡಿಯನ್ನು ಡಾಕ್ಟರು ಇನ್ನೂ ಗುಡಿಸಿರಲಿಲ್ಲ.

ಸಾವಿನ ಮೇಲೆ ಕಳಂಕ ಬೇರೆ. ಮರ ಎಣಿಸುವ ಪ್ರತಿಯೊಬ್ಬನಿಗೂ ಇಲಾಖೆ ಒಂದು ಮುದ್ರೆಯ ಸುತ್ತಿಗೆ ಕೊಟ್ಟಿರುತ್ತದೆ. ಅದರ ಮೂತಿಯಲ್ಲಿ ಒಂದು ಎಲೆ, ಒಂದು ಅಂಕಿ. ಮರ ಬಿದ್ದ ಕೂಡಲೇ ದಿಮ್ಮಿಯ ಕತ್ತರಿಸಿದ ಮುಖಕ್ಕೊಂದು ಏಟು, ನೆಲದಲ್ಲಿ ಉಳಿದ ಬೊಡ್ಡೆಗೊಂದು ಏಟು. ಎರಡೂ ಕಡೆ ಮುದ್ರೆ ಇದ್ದರೆ ಮರ ನ್ಯಾಯದ್ದು, ಇಲ್ಲದಿದ್ದರೆ ಕಳ್ಳಮಾಲು. ಎಡಚನ ನಲವತ್ತೊಂದನೇ ಸುತ್ತಿಗೆ ಭಟ್ಟಿಯ ಬೂದಿಯಲ್ಲಿ ಸಿಗಲಿಲ್ಲ. ಕಬ್ಬಿಣ ಸುಟ್ಟು ಹೋಗುವುದುಂಟೇ? ಕಳ್ಳರಿಗೆ ಮಾರಿದ್ದಾನೆ, ಭಟ್ಟಿಯಲ್ಲಿ ಅವಿತುಕೊಂಡಿದ್ದಾಗ ಸತ್ತಿದ್ದಾನೆ, ಎಂದು ಇಲಾಖೆ ಬರೆದು ಮುಗಿಸಿತು.

"ಭಾವ," ಆ ಬೆಳಿಗ್ಗೆ ತಮ್ಮನ ಹೆಂಡತಿ ಕೇಳಿದ್ದಳು, "ಹೋದವರನ್ನ ವಾಪಸ್ ತನ್ನಿ ಅಂತ ನಾನು ಕೇಳಲ್ಲ. ಅವರು ಕಳ್ಳ ಅಲ್ಲ ಅಂತ ನೀವು ತೋರಿಸಿಕೊಟ್ರೆ ಸಾಕು."

"ತೋರಿಸ್ತೀನಿ ತಾಯಿ."

ಹೇಳುವುದು ಸುಲಭ. ತೋರಿಸಲು ಉಳಿದಿದ್ದು ಎರಡೇ ದಿನ. ನಾಡಿದ್ದು ಹೊರನಾಡಿನ ದೊಡ್ಡ ಕಂಪನಿಯವರು ಬಂದು ಒಪ್ಪಂದಕ್ಕೆ ಸಹಿ ಹಾಕುವವರಿದ್ದರು. ಅಂದೇ ಮಧ್ಯಾಹ್ನ ಕಾಡಿನ ಏಳನೇ ಬ್ಲಾಕಿಗೆ ಯಂತ್ರಗಳು ನುಗ್ಗಿ ಹಳೆಯ ಬೊಡ್ಡೆಗಳನ್ನೆಲ್ಲ ಬುಡಸಮೇತ ಕಿತ್ತು ಹಾಕುತ್ತವೆ. ತಮ್ಮ ಕಡೆಯದಾಗಿ ಎಣಿಸಿದ್ದು ಅದೇ ಬ್ಲಾಕು. ಮುದ್ರೆ ಬಿದ್ದ ಬೊಡ್ಡೆ ನಿಜಕ್ಕೂ ಎಷ್ಟಿವೆ ಎಂದು ಎಣಿಸಿದರೆ ಇಲ್ಲದ ಮರದ ಲೆಕ್ಕ ಬಯಲಾಗುತ್ತದೆ; ಅವನ ಪರವಾಗಿ ಸಾಕ್ಷಿ ಹೇಳುವವು ಆ ಬೊಡ್ಡೆಗಳು ಮಾತ್ರ.

ಕಾರ್ಖಾನೆಯ ಗೇಟಿನ ಬಳಿ ಎಂದಿನಂತೆ ಲಾರಿ ಡ್ರೈವರನ ಹೆಂಡತಿ ನಿಂತಿದ್ದಳು.

"ಡಾಕ್ಟ್ರಣ್ಣ, ಹದಿನಾರನೇ ನಂಬರ್ ಲಾರಿ ಬಂತಾ?"

"ಇಲ್ಲಮ್ಮ. ಬಂದರಿನಲ್ಲಿ ಹಡಗು ತಡ ಆಗಿರ್ಬೇಕು."

"ತಡ ಆದ್ರೆ ಫೋನು ಮಾಡೋ ಗಂಡಸೇ ಅಲ್ಲ ಅದು. ಬರ್ಲಿ, ಬಂದ ಮೇಲೆ ಇದೆ ಅವರಿಗೆ," ಎಂದು ಆಕೆ ನಕ್ಕಳು. ನಗು ಕಣ್ಣಿನ ತನಕ ಬರಲಿಲ್ಲ.

* * *

ಕಾರ್ಖಾನೆಯ ದೊಡ್ಡ ಹಾಲಿನಲ್ಲಿ ಉದ್ಯಮ ಇಲಾಖೆಯ ಅಧಿಕಾರಿ ಕುರ್ಚಿಯ ಮೇಲೆ ನಿಂತು ಗೋಡೆಗೆ ನಕ್ಷೆ ಹೊಡೆಯುತ್ತಿದ್ದ. ಬಾಯಲ್ಲಿ ನಾಲ್ಕು ಮೊಳೆ, ಕುತ್ತಿಗೆಯಲ್ಲಿ ಹೊಸ ಟೈ.

"ಬನ್ನಿ ಬನ್ನಿ! ನಮ್ಮ ರಾಜ್ಯದ ಐದನೇ ಅನುಕೂಲ ಬಂತು!"

"ನಾನೇನಪ್ಪ ಅನುಕೂಲ?"

"ಮತ್ತೆ? ತಲೆಮಾರಿನಿಂದ ಪಳಗಿದ ಕಸುಬುದಾರರು. ಅದು ಐದನೇದು. ನಾಡಿದ್ದು ಅತಿಥಿಗಳ ಮುಂದೆ ನೀವು ಗರಗಸ ಮಸೀಬೇಕು. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಳ್ಳಿ, ಸಾಕು."

"ಗರಗಸಕ್ಕೆ ಇಸ್ತ್ರಿ ಗೊತ್ತಾಗಲ್ಲಪ್ಪ."

ಅಧಿಕಾರಿ ಮೊಳೆ ಉಗಿದು ಕೆಳಗಿಳಿದ. ಕೇಳುವವರು ಸಿಕ್ಕರೆ ಭಾಷಣ ಒಪ್ಪಿಸುವ ಗೀಳು ಅವನಿಗೆ. "ಬೇರೆ ರಾಜ್ಯಕ್ಕೆ ಯಾಕೆ ಹೋಗ್ಬೇಕು ಅಂತ ಕೇಳ್ತೀನಿ ನಾನು. ಬಂದರಿಗೆ ರೈಲಲ್ಲಿ ಅರ್ಧ ದಿನ. ಹೊಳೆ ನೀರು ಬೇಸಿಗೇಲೂ ಬತ್ತಲ್ಲ. ಒಂದು ಮರ ಕಡಿದ್ರೆ ಎರಡು ನೆಡಲೇಬೇಕು ಅಂತ ಕಾನೂನು. ಎಲ್ಲಕ್ಕಿಂತ ಮುಖ್ಯ, ಇಲ್ಲಿಂದ ಹೋಗೋ ಒಂದೊಂದು ದಿಮ್ಮಿಗೂ ಹುಟ್ಟಿದ ಜಾಗದ ಗುರುತಿದೆ. ಮುದ್ರೆ ನೋಡಿದ್ರೆ ಯಾವ ಕಾಡು, ಯಾವ ಬೊಡ್ಡೆ, ಹೇಳಬಹುದು. ಇದು ನಾಲ್ಕನೇ ಅನುಕೂಲ."

"ನಾಲ್ಕನೇದು ನನ್ನ ತಮ್ಮ," ಡಾಕ್ಟರು ಹೇಳಿದರು.

ಅಧಿಕಾರಿಯ ಮುಖ ಸಪ್ಪಗಾಯಿತು. "ತಪ್ಪು ತಿಳೀಬೇಡಿ ಯಜಮಾನ್ರೇ. ಆ ಸುತ್ತಿಗೆ ವಿಷಯ ಅತಿಥಿಗಳ ಮುಂದೆ ಮಾತ್ರ ಬೇಡ."

ಅಧಿಕಾರಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈ ಕಾಡು, ಈ ಹೊಳೆ, ಈ ಕಸುಬು, ಎಲ್ಲವೂ ನಿಜ. ಅದನ್ನು ನಿಜವಾಗಿಯೇ ಉಳಿಸಲು ಒಬ್ಬ ಮನುಷ್ಯ ಮೂವತ್ತು ವರ್ಷ ಮಳೆ ಬಿಸಿಲೆನ್ನದೆ ಮರ ಮರವನ್ನೂ ಮುಟ್ಟಿ ಎಣಿಸಿದ್ದ. ಈಗ ಅವನ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ.

ನಕ್ಷೆಯ ಕೆಳಗೆ ಒಂದೊಂದು ಬ್ಲಾಕಿನಿಂದ ತರಿಸಿದ ಮಾದರಿ ದಿಮ್ಮಿಗಳನ್ನು ಸಾಲಾಗಿ ಇಟ್ಟಿದ್ದರು. ಡಾಕ್ಟರು ಸಾಲಿನಗುಂಟ ನಡೆದರು. ಕೈ ಬೆನ್ನ ಹಿಂದೆ, ಮೂಗು ಮುಂದೆ. ಮರದ ವಯಸ್ಸನ್ನು ಅವರು ಮೊದಲು ಮೂಗಿನಿಂದಲೇ ಅಳೆಯುತ್ತಿದ್ದರು.

ಏಳನೆಯದರ ಮುಂದೆ ಕಾಲು ನಿಂತಿತು.

ಹಸಿ ವಾಸನೆ. ಉಳಿದ ದಿಮ್ಮಿಗಳ ಮುಖ ಒಣಗಿ ಕಂದು ತಿರುಗಿತ್ತು. ಇದರದು ಇನ್ನೂ ಬೆಣ್ಣೆಯ ಬಣ್ಣ. ಅಂಚಿನಲ್ಲಿ ರಾಳ ಮುತ್ತಾಗಿ ನಿಂತಿತ್ತು. ಬೆರಳಿಟ್ಟರೆ ಎಳೆಯಾಗಿ ಬಂತು. ತೊಗಟೆ ಮೈಗೆ ಬಿಗಿಯಾಗಿ ಅಂಟಿತ್ತು. ಕಡಿದು ಮೂರು ದಿನ, ಹೆಚ್ಚೆಂದರೆ ನಾಲ್ಕು.

ಆ ಮುಖದ ಮೇಲೆ ಮುದ್ರೆ. ಒಂದು ಎಲೆ, ಅದರ ಕೆಳಗೆ ನಲವತ್ತೊಂದು.

ಕಳ್ಳರು ಹೊಡೆದಿರಬಹುದು ಎಂದಿತು ಬುದ್ಧಿ. ಕಣ್ಣು ಒಪ್ಪಲಿಲ್ಲ. ಮುದ್ರೆ ನೆಟ್ಟಗಿರಲಿಲ್ಲ, ಬಲಕ್ಕೆ ವಾಲಿತ್ತು. ಎಡಗೈ ಏಟು. "ಕುಡುಕ ಮುದ್ರೆ" ಎಂದು ಜೊತೆಯವರು ತಮ್ಮನನ್ನು ರೇಗಿಸುತ್ತಿದ್ದದ್ದು ಇದಕ್ಕೇ.

ಲೋಕದಲ್ಲಿ ಎಡಚರು ಬೇಕಾದಷ್ಟು ಜನ. ಡಾಕ್ಟರು ಇನ್ನೊಂದನ್ನು ನೋಡಿದರು. ದಿಮ್ಮಿಯ ತಿರುಳಿನ ಮೇಲೆ ಏಟು ಬಿದ್ದರೆ ಮರ ಅಲ್ಲಿಂದಲೇ ಸೀಳು ಬಿಡುತ್ತದೆ. "ತಿರುಳಿನಿಂದ ಮೂರು ಬೆರಳು ಬಿಟ್ಟು ಹೊಡಿ," ಎಂದು ತಮ್ಮನಿಗೆ ಕಲಿಸಿದವರು ಅವರೇ. ಬೇರೆ ಯಾರೂ ಆ ಗೋಜಿಗೆ ಹೋಗುವುದಿಲ್ಲ. ಕಂಡಲ್ಲಿ ಹೊಡೆದು ಮುಂದೆ ಹೋಗುತ್ತಾರೆ. ತಮ್ಮ ಮಾತ್ರ ಪ್ರತಿ ಸಲ ಬೆರಳಿಟ್ಟು ಅಳೆಯುತ್ತಿದ್ದ.

ಡಾಕ್ಟರು ತಿರುಳಿಗೂ ಮುದ್ರೆಗೂ ನಡುವೆ ತಮ್ಮದೇ ಮೂರು ಬೆರಳಿಟ್ಟರು.

ಸರಿಯಾಗಿ ಕೂತವು.

ಬೆರಳು ತೆಗೆಯಲು ಮನಸ್ಸು ಬರಲಿಲ್ಲ. ಮೂರು ದಿನದ ಹಿಂದೆ ಇದೇ ಜಾಗದಲ್ಲಿ ಅವನ ಬೆರಳಿದ್ದವು. ಮರ ತಣ್ಣಗಿತ್ತು, ಆದರೂ ಅವರಿಗೆ ಬಿಸಿ ತಾಕಿದ ಹಾಗಾಯಿತು.

"ಇದನ್ನ ಯಾರಪ್ಪ ತಂದದ್ದು?" ಡಾಕ್ಟರು ಕೇಳಿದರು.

"ಅದಾ? ಏಳನೇ ಬ್ಲಾಕಿಂದು ಕಳಿಸ್ರಪ್ಪ ಅಂತ ಬಡ್ಕೊಳ್ತಾನೇ ಇದ್ದೆ. ನಿನ್ನೆ ಬೆಳಿಗ್ಗೆ ಬಂದು ನೋಡಿದ್ರೆ ಬಾಗಿಲ ಮುಂದೆ ಬಿದ್ದಿತ್ತು. ಯಾರೋ ಪುಣ್ಯಾತ್ಮ."

"ನಾನು ಇವತ್ತು ಇಲ್ಲಿಗೆ ಬರ್ತೀನಿ ಅಂತ ಯಾರಿಗೆ ಗೊತ್ತಿತ್ತು?"

"ಯಾರಿಗೆ ಗೊತ್ತಿಲ್ಲ? ಇವತ್ತು ನೀವು ಬಂದು ಜಾಗ ನೋಡ್ತೀರಿ ಅಂತ ವಾರದಿಂದ ಗೇಟಿನ ಮೇಲೆ ಬರೆದು ಅಂಟಿಸಿದೀನಲ್ಲ."

ಡಾಕ್ಟರು ಸಮಾಧಾನವಾಗಿ ಬಗ್ಗಿ, ದಿಮ್ಮಿಯನ್ನು ಉರುಳಿಸಿ ಅದರ ಮುಖವನ್ನು ಗೋಡೆಯ ಕಡೆ ಮಾಡಿದರು.

"ಏನ್ರೀ ಅದು? ಮುದ್ರೆ ಕಾಣಬೇಕಲ್ಲ!"

"ಹಸಿ ಮರ. ಗಾಳಿ ಬಡಿದ್ರೆ ನಾಡಿದ್ದಿಗೆ ಮುಖ ಬಿರಿಯುತ್ತೆ. ಬಿರಿದ ಮರ ತೋರಿಸಿ ಅನುಕೂಲ ಅಂತೀಯಾ? ಅತಿಥಿಗಳು ಬರೋ ತನಕ ಹೀಗೇ ಇರ್ಲಿ. ಯಾರನ್ನೂ ಮುಟ್ಟೋಕೆ ಬಿಡ್ಬೇಡ."

"ನಿಮ್ಮ ಮಾತೇ ಮಾತು. ಐದನೇ ಅನುಕೂಲ ಅಂದ್ರೆ ಸುಮ್ನೇನಾ!"

* * *

ಸೇತುವೆ ದಾಟುವಾಗ ಡಾಕ್ಟರ ಕಾಲು ತಾನಾಗಿ ಓಡುತ್ತಿತ್ತು. ಬದುಕಿದ್ದಾನೆ ಎನ್ನುವುದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಹೆದರಿಕೆ. ಹೇಳಿದರೆ ಎಲ್ಲಿ ಸುಳ್ಳಾಗುತ್ತದೋ. ಅದು ಸುಳ್ಳೋ ನಿಜವೋ ಎಂದು ಹೇಳಬಲ್ಲವನು ಒಬ್ಬನೇ ಇದ್ದ. ಅಂದು ಬಾಗಿಲು ತೆಗೆದು ಮೊದಲು ಒಳಗೆ ಹೋದವನು ಭಟ್ಟಿಯವನು.

ಅವನು ಬಾಯ್ಲರಿನ ಬಾಯಿಗೆ ಮರದ ಚಕ್ಕೆ ತುಂಬುತ್ತಿದ್ದ. ಡಾಕ್ಟರನ್ನು ಕಂಡು ಸಲಿಕೆ ನಿಲ್ಲಿಸಿದ.

"ಬನ್ನಿ ಡಾಕ್ಟ್ರೇ. ಚಹಾ ಹಾಕಲಾ?"

"ಚಹಾ ಬೇಡ. ಒಂದು ಮಾತು ಬೇಕು. ಅವತ್ತು ದೇಹಾನ ಹೊರಗೆ ತಂದವನು ನೀನೇ ಅಲ್ವಾ?"

"ನಾನೇ. ಅದೆಲ್ಲ ಈಗ್ಯಾಕೆ?"

"ಬಲಗೈ ಹೇಗಿತ್ತು?"

ಭಟ್ಟಿಯವನ ಕಣ್ಣು ಬೆಂಕಿಯ ಕಡೆ ಹೋಯಿತು. "ಕೈ ಹಾಗೇ ಇತ್ತು."

"ಹಾಗೇ ಅಂದ್ರೆ ಹೇಗಯ್ಯಾ? ನಾನು ನೋಡ್ಲಿಲ್ಲ. ನೋಡೋ ಧೈರ್ಯ ಬರ್ಲಿಲ್ಲ. ನೀನು ನೋಡಿದೀಯ. ಹೇಳು."

"ಮುಷ್ಟಿ ಬಿಗಿದಿತ್ತು."

"ಹೆಬ್ಬೆರಳು?"

"ಒಳಗೆ ಮಡಚಿತ್ತು. ಮೇಲೆ ನಾಲ್ಕು ಬೆರಳು. ನಾನೇ ಒಂದೊಂದಾಗಿ ಬಿಡಿಸಿದೆ..." ಅಲ್ಲಿಗೆ ಅವನು ನಾಲಗೆ ಕಚ್ಚಿಕೊಂಡ.

ಡಾಕ್ಟರು ಚಕ್ಕೆಯ ರಾಶಿಯ ಮೇಲೆ ಕೂತರು. ಹೆಬ್ಬೆರಳಿತ್ತು. ನಲವತ್ತೆಂಟು ವರ್ಷದ ಹಿಂದೆ ತಾವೇ ಬಟ್ಟೆ ಸುತ್ತಿ ಅಪ್ಪನ ಕೈಗೆ ಕೊಟ್ಟಿದ್ದ ಬೆರಳು ಆ ಕೈಯಲ್ಲಿತ್ತು! ಒಂದೇ ಒಂದು ಸಲ ಕಣ್ಣೆತ್ತಿ ನೋಡಿದ್ದರೆ ಸಾಕಾಗಿತ್ತು.

"ಯಾಕೆ ಬಿಡಿಸಿದೆ?" ತಲೆಯೆತ್ತಿ ಕೇಳಿದರು. "ಮುಷ್ಟಿಯಲ್ಲಿ ಏನಿತ್ತು?"

"ಏನೂ ಇರ್ಲಿಲ್ಲ."

"ಏನೂ ಇಲ್ಲದ ಮುಷ್ಟಿ ಬಿಡಿಸೋಕೆ ನಿಂಗೇನು ಹುಚ್ಚಾ? ನೋಡು, ನಾನು ಪೊಲೀಸಲ್ಲ. ಸಾಯೋ ವಯಸ್ಸಿನ ಮುದುಕ. ದೇವರ ಮುಂದೆ ಹೇಳೋದನ್ನ ನನ್ನ ಮುಂದೆ ಹೇಳು."

ಭಟ್ಟಿಯವನು ಸಲಿಕೆಯನ್ನು ಗೋಡೆಗೆ ಒರಗಿಸಿದ. ಮೂಲೆಯ ಎಣ್ಣೆ ಡಬ್ಬಿಯೊಳಗೆ ಕೈ ಹಾಕಿ, ಬಟ್ಟೆ ಸುತ್ತಿದ ಒಂದು ವಸ್ತು ತೆಗೆದ.

"ಮುಷ್ಟಿಯಿಂದ ತುದಿ ಕಾಣ್ತಿತ್ತು, ಭಟ್ಟಿ ಕೀಲಿ ಅಂದ್ಕೊಂಡೆ ಡಾಕ್ಟ್ರೇ. ಅದು ನನ್ನ ಹತ್ರ ಇರೋದು. ಸತ್ತವನ ಕೈಲಿ ಸಿಕ್ಕಿದ್ರೆ ನನ್ನ ತಲೆಗೇ ಬರುತ್ತಲ್ಲ ಅಂತ ತೆಗೆದುಬಿಟ್ಟೆ. ಮನೇಲಿ ತೊಳೆದು ನೋಡಿದ್ರೆ ಬೇರೆ."

ಲಾರಿಯ ಕೀಲಿ. ಅದಕ್ಕೆ ಕಟ್ಟಿದ ಹಿತ್ತಾಳೆ ಬಿಲ್ಲೆ ಮಸಿ ಹಿಡಿದಿತ್ತು. ಡಾಕ್ಟರು ಬೆರಳಿನಿಂದ ಉಜ್ಜಿದರು. ಹದಿನಾರು.

"ಹದಿನಾರನೇ ಲಾರಿ ಬಂದರಿಗೆ ಹೋಗಿದೆಯಲ್ಲ," ಎಂದರು.

"ಹೋಗಿದೆ. ಅವತ್ತು ಸಂಜೆನೇ ಗೇಟು ದಾಟಿದೆ. ಇನ್ನೊಂದು ಕೀಲಿ ಕಾರ್ಖಾನೆ ಆಫೀಸಿನ ಮೊಳೆಗೆ ನೇತಾಡ್ತಿರುತ್ತೆ. ಯಾರು ತಗೊಂಡ್ರೋ, ಯಾರು ಓಡಿಸಿದ್ರೋ ನಂಗೊತ್ತಿಲ್ಲ, ಆಣೆಗೂ ಗೊತ್ತಿಲ್ಲ."

"ಮತ್ತೆ ಆ ಟೇಪು?"

"ಅದು ಎದೆ ಮೇಲಿತ್ತು. ಮಲಗೋ ಮುಂಚೆ ಕನ್ನಡಕ ತೆಗೆದು ಇಡ್ತೀವಲ್ಲ, ಹಾಗೆ. ಬೇಕಂತ ಇಟ್ಟಂಗಿತ್ತು."

"ಇಷ್ಟೆಲ್ಲ ಗೊತ್ತಿದ್ದೂ ಒಂಬತ್ತು ದಿನ ಬಾಯಿ ಮುಚ್ಕೊಂಡಿದ್ದೆಯಾ!"

ಭಟ್ಟಿಯವನಿಗೂ ಸಿಟ್ಟು ಬಂತು. "ಅವನೇ ಅಂತ ಸಹಿ ಹಾಕಿದ್ದು ಯಾರು? ನಾನಾ? ಒಡಹುಟ್ಟಿದ ಅಣ್ಣನೇ ಹೇಳಿದ ಮೇಲೆ ಭಟ್ಟಿ ಕಾಯೋ ನಾನು ಎದುರಾಡ್ಲಾ? ಬಾಗಿಲಿಗೆ ಹೊರಗಿಂದ ಅಗಳಿ ಬಿದ್ದಿತ್ತು ಡಾಕ್ಟ್ರೇ. ಹೊರಗಿಂದ! ಸತ್ತವನು ತಾನೇ ಹೊರಗೆ ಬಂದು ಅಗಳಿ ಹಾಕಿ ಮತ್ತೆ ಒಳಗೆ ಹೋಗಿ ಮಲಗಿದ ಅಂತ ಹೇಳ್ಲಾ?"

ಬಾಯ್ಲರಿನೊಳಗೆ ಒಂದು ಚಕ್ಕೆ ಚಟ್ಟೆಂದು ಸಿಡಿಯಿತು.

"ಇನ್ನೊಂದಿದೆ," ಅವನ ದನಿ ಇಳಿಯಿತು. "ಅದನ್ನ ಹೇಳಬಾರದು ಅಂತಿದ್ದೆ. ನಿಮ್ಮ ಮುಖ ನೋಡಿ ಹೇಳಬಾರದು ಅಂತಾನೇ ಇದ್ದೆ."

"ಹೇಳು."

"ಹೊಗೆ ಏಳೋಕೆ ಅರ್ಧ ಗಂಟೆ ಮುಂಚೆ ನಾನು ಚಕ್ಕೆ ತರೋಕೆ ಹೋಗಿದ್ದೆ. ವಾಪಸ್ ಬರುವಾಗ ಮೂರನೇ ಭಟ್ಟಿ ಬಾಗಿಲ ಕಡೆಯಿಂದ ಒಬ್ರು ದುಡುದುಡು ಹೊರಟು ಹೋಗ್ತಿದ್ರು. ಕೂಗಿದೆ. ತಿರುಗಿ ನೋಡ್ಲಿಲ್ಲ." "ಎಡಗೈಲಿ ಸುತ್ತಿಗೆ ಇತ್ತು."

* * *

ಮಧ್ಯಾಹ್ನದ ಬಿಸಿಲಿನಲ್ಲಿ ಡಾಕ್ಟರು ಸೇತುವೆಯ ನಡುವೆ ನಿಂತರು. ಕೆಳಗೆ ನೀರು ಮರದ ಪುಡಿಯನ್ನು ಹೊತ್ತು ಹೋಗುತ್ತಿತ್ತು.

ತಮ್ಮ ಬದುಕಿದ್ದಾನೆ. ಒಂಬತ್ತು ದಿನದಿಂದ ಅವರು ದೇವರಲ್ಲಿ ಬೇಡಲೂ ಅಂಜಿದ್ದ ವರ ಬೇಡದೆಯೇ ಬಂದಿತ್ತು. ಆದರೆ ಯಾವ ರೂಪದಲ್ಲಿ? ಇಲ್ಲದ ಮರ ಎಣಿಸಿದವರ ಕೈಯಿಂದ ತಪ್ಪಿಸಿಕೊಂಡು ಏಳನೇ ಬ್ಲಾಕಿನಲ್ಲಿ ಅಡಗಿ, ಅಣ್ಣ ಒಬ್ಬನೇ ಓದಬಲ್ಲ ಮುದ್ರೆ ಕಳಿಸಿದ ನಿರಪರಾಧಿಯಾಗಿಯೋ? ಅಥವಾ ಒಬ್ಬನನ್ನು ಒಳಗೆ ಕೂಡಿ, ತನ್ನ ಟೇಪನ್ನು ಅವನ ಎದೆಯ ಮೇಲಿಟ್ಟು, ಸತ್ತವನಾಗಿ ನಡೆದು ಹೋದವನಾಗಿಯೋ?

ಅವನಲ್ಲ ಎಂದಿತು ಮನಸ್ಸು. ಅದೇ ಮನಸ್ಸು ಒಂಬತ್ತು ದಿನದ ಹಿಂದೆ "ಅವನೇ" ಎಂದಿತ್ತು.

ಬಾಯಿಬಿಟ್ಟರೆ ತಮ್ಮನನ್ನು ಬೇಟೆಯಾಡುತ್ತಾರೆ; ಪೊಲೀಸರೂ, ಆ ಲಾರಿ ಓಡಿಸಿದವರೂ. ಬಾಯಿ ಮುಚ್ಚಿಕೊಂಡರೆ ನಾಡಿದ್ದು ಬೊಡ್ಡೆಗಳು ಹೋಗುತ್ತವೆ. ಯಂತ್ರಗಳಿಗಿಂತ ಮೊದಲು ಏಳನೇ ಬ್ಲಾಕಿಗೆ ಹೋಗಲೇಬೇಕು. ಈ ಸಲ ಅವನ ಕೈಯನ್ನು ಹಿಡಿದು, ಕಣ್ಣಿಟ್ಟು ನೋಡಿ, ಕೇಳಬೇಕು.

ಗೇಟಿನ ಬಳಿ ಆಕೆ ಇನ್ನೂ ನಿಂತಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ರಸ್ತೆಯ ಕೊನೆಯ ತಿರುವಿನ ಮೇಲೆ ಕಣ್ಣಿಟ್ಟು.

"ಡಾಕ್ಟ್ರಣ್ಣ, ಹೊಳೆಯಾಚೆ ಹೋಗಿದ್ರಾ? ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ, ಹದಿನಾರನೇ ಲಾರಿ ಬಗ್ಗೆ?"

ಜೇಬಿನಲ್ಲಿ ಕೀಲಿ ಕೆಂಡದ ಹಾಗೆ ಸುಡುತ್ತಿತ್ತು. ತಮ್ಮನದು ಎಂದುಕೊಂಡು ಅವರು ಕಣ್ಣೀರಿಟ್ಟು ಮಣ್ಣಿಗೆ ಒಪ್ಪಿಸಿದ ದೇಹದ ಮೇಲೆ ಹಕ್ಕುಳ್ಳವರ ಒಂದು ಹನಿ ಕಣ್ಣೀರೂ ಬಿದ್ದಿರಲಿಲ್ಲ. ಅದನ್ನು ಸುರಿಸಬೇಕಾದವಳು ಇಲ್ಲಿ ನಿಂತು ಗಂಡನನ್ನು ಬೈಯಲು ಮಾತು ಕೂಡಿಸಿಡುತ್ತಿದ್ದಾಳೆ.

"ನಾಡಿದ್ದರ ತನಕ ತಡಿಯಮ್ಮ," ಎಂದರು. "ನಾನೇ ನಿನ್ನ ಮನೆಗೆ ಬಂದು ಹೇಳ್ತೀನಿ."

ಮಸೆಯುವ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಬೆಂಚಿನ ಮೇಲೆ ತಮ್ಮ ಕೂತ ಗುರುತು ಹಾಗೇ ಇತ್ತು. ಅದರ ಪಕ್ಕದಲ್ಲಿ, ಅದನ್ನು ಕದಲಿಸದ ಹಾಗೆ, ಕೀಲಿಯನ್ನಿಟ್ಟು ನೆಲಕ್ಕೆ ಮಂಡಿಯೂರಿದರು.

"ದೇವರೇ, ಒಂಬತ್ತು ದಿನ ಬೇರೆಯವನ ಹೆಸರು ಹಿಡಿದು ನಿನ್ನ ಬಾಗಿಲು ಬಡಿದೆ. ಕಣ್ಣಿದ್ದೂ ನೋಡದ ಪಾಪ ನನ್ನದು, ಅದನ್ನ ಆ ಸತ್ತವನ ಲೆಕ್ಕಕ್ಕೆ ಹಾಕ್ಬೇಡ. ನನ್ನ ತಮ್ಮನ ವಿಷಯ ಆಮೇಲೆ ಕೇಳ್ತೀನಿ. ಇವತ್ತು ಅವನಿಗಾಗಿ ಬೇಡೋಕೆ ನನಗೆ ಬಾಯಿಲ್ಲ. ಮುಚ್ಚಿದ ಬಾಗಿಲ ಹಿಂದೆ ಕೀಲಿ ಬಿಗಿ ಹಿಡಿದು ಹೋದನಲ್ಲ, ಗೇಟಿನಲ್ಲಿ ಒಬ್ಬಳು ದಾರಿ ಕಾಯ್ತಾ ಇದ್ದಾಳಲ್ಲ ಅವನಿಗಾಗಿ, ಆ ಜೀವಕ್ಕೆ ನಿನ್ನ ಬಾಗಿಲು ತೆರೆದಿಡು ತಂದೆ. ಅವನಿಗೆ ಶಾಂತಿ ಕೊಡು."